ಎಆರ್-3ಎ ಸ್ಪೀಕರಿನ ಫೋಮ್ ಉದುರಿದೆ, ಹೊಸ ವೂಫರ್ ಹಾಕಿಸಲೇ?

ಬೇಡ. ಆ ವೂಫರನ್ನು, ಅಂದರೆ ತಗ್ಗಿನ ಸ್ವರ ನುಡಿಸುವ ದೊಡ್ಡ ಘಟಕವನ್ನು, ಬಿಸಾಡಬೇಡಿ. ಉದುರಿರುವುದು ಅದರ ಕೋನಿನ (ಆಡುವ ಕಾಗದದ ಶಂಕುವಿನ) ಸುತ್ತಲಿನ ಫೋಮ್ ಅಂಚು ಮಾತ್ರ. ನಾನೂ 3ಎ ಇಟ್ಟುಕೊಂಡವನೇ. ‘ಹಳೇ ಸ್ಪೀಕರ್ ನಂಬಬಹುದಾ, ರಿಪೇರಿಯವರು 12 ಇಂಚಿನ ಹೊಸ ವೂಫರ್ ಹಾಕ್ತೀನಿ ಅಂತಾರೆ’ ಎಂದು ಕೇಳಿದ್ದೀರಿ. ನನಗೆ ನಂಬಿಕೆಯಿಲ್ಲದ್ದು ಆ ಹೊಸ ವೂಫರಿನ ಮೇಲೆ.

1954ರಲ್ಲಿ ಎಡ್ಗರ್ ವಿಲ್ಚರ್ ಅಕೌಸ್ಟಿಕ್ ರಿಸರ್ಚ್ (ಎಆರ್) ಕಂಪನಿ ಶುರುಮಾಡಿದ್ದೇ ಒಂದು ಲೆಕ್ಕಾಚಾರದ ಮೇಲೆ: ಕೋನನ್ನು ಹಿಂದಕ್ಕೆ ತರುವ ಕೆಲಸ ಬಿಗಿಯಾದ ಅಂಚಿನದಲ್ಲ, ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯದು. 1967ರ 3ಎ ವೂಫರಿನ ಅನುರಣನ (ಕೋನ್ ತಾನಾಗಿ ಆಡುವ ವೇಗ) ಪೆಟ್ಟಿಗೆಯ ಹೊರಗಿಟ್ಟಾಗ ಸುಮಾರು 18 ಹರ್ಟ್ಜ್, ಅಂದರೆ ಸೆಕೆಂಡಿಗೆ 18 ಸಲ. 40 ಲೀಟರಿನ ಆಸುಪಾಸಿನ ಪೆಟ್ಟಿಗೆಯಲ್ಲಿ ಕೂರಿಸಿದರೆ 42ರ ಹತ್ತಿರ. ಬಿಗಿ ಈ ಸಂಖ್ಯೆಯ ವರ್ಗದಂತೆ ಏರುತ್ತದೆ, ಅಂದರೆ ಗಾಳಿಯ ಬಿಗಿ ಅಂಚಿನ ಬಿಗಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು. ಹೊಸದೆಂದು ಸ್ಟೇಜಿನ ವೂಫರ್ ಹಾಕಿದರೆ, ಅದರ ಅನುರಣನ ಹೊರಗೇ 50ರಷ್ಟಿರುತ್ತದೆ, ಈ ಪೆಟ್ಟಿಗೆಯಲ್ಲಿ ಸುಲಭವಾಗಿ 80 ದಾಟುತ್ತದೆ. ಸದ್ದು ಜೋರಾಗುತ್ತದೆ, ಡಗ್ಗಾದ ಗುಂಕಾರ ಮಾತ್ರ ಸೊರಗುತ್ತದೆ. ಮೇಲಾಗಿ 575 ಹರ್ಟ್ಜ್‌ನ ಕ್ರಾಸ್‌ಓವರ್ (ವೂಫರಿಗೂ ಮೇಲಿನ ಘಟಕಗಳಿಗೂ ಸ್ವರ ಹಂಚುವ ಸರ್ಕಿಟ್) ಕಟ್ಟಿರುವುದು 4 ಓಮಿನ (ಓಮ್ ವಿದ್ಯುತ್ ತಡೆಯ ಅಳತೆ) ಮೂಲ ವೂಫರಿಗೆ. 8 ಓಮಿನದು ಬಂದರೆ ಆ ಗೆರೆಯೂ ಸರಿದು, ಗಾಯಕರ ದನಿ ಕೆಡುತ್ತದೆ. ದಪ್ಪ ರಬ್ಬರ್ ರಿಂಗ್ ಅಂಟಿಸುವುದೂ ಇದೇ ತಪ್ಪು. ಮೆತ್ತಗಿರಬೇಕಾದ ಅಂಚು ಗಟ್ಟಿಯಾದರೆ ವಿಲ್ಚರ್ ಲೆಕ್ಕವೇ ಬುಡಮೇಲು.

ಫೋಮ್ ಉದುರಿದ್ದಕ್ಕೆ ಗಾಬರಿ ಬೇಡ. ಅದು ಪಾಲಿಯುರೆಥೇನ್, ಹಾಡಿಸದೆ ಮೂಲೆಯಲ್ಲಿಟ್ಟರೂ ತೇವಕ್ಕೆ ಪುಡಿಯಾಗುತ್ತದೆ. ಅಯಸ್ಕಾಂತಕ್ಕೂ ಕೋನಿಗೂ ಆ ಕಾಯಿಲೆಯಿಲ್ಲ. 3ಎಗೆಂದೇ ಮಾಡಿದ ಫೋಮ್ ರಿಂಗ್ ತರಿಸಿ. ಹಳೆಯ ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ನೆನೆಸಿ, ಕೋನಿನ ಕಾಗದ ಹರಿಯದಂತೆ ಕೆರೆಯಿರಿ. ಬಿಳಿ ಪಿವಿಎ ಅಂಟಿನಿಂದ ಮೊದಲು ಕೋನಿಗೆ ಅಂಟಿಸಿ ಒಂದು ರಾತ್ರಿ ಒಣಗಲು ಬಿಡಿ. ಫ್ರೇಮಿಗೆ ಅಂಟಿಸುವಾಗ 30 ಹರ್ಟ್ಜ್ ಸದ್ದನ್ನು ತೀರಾ ಸಣ್ಣಗೆ ಹಾಕಿ ಕೋನ್ ಆಡುತ್ತಿರಲಿ. ಕರಕರ ಕೇಳಿದರೆ ವಾಯ್ಸ್ ಕಾಯಿಲ್ (ಕೋನಿನ ಹಿಂದಿನ ತಂತಿಸುರುಳಿ) ಉಜ್ಜುತ್ತಿದೆ. ಅಂಟು ಹಸಿಯಿರುವಾಗಲೇ ಅಂಚನ್ನು ಕೂದಲೆಳೆಯಷ್ಟು ಸರಿಸಿ. ಒಣಗಿದ ಮೇಲೆ ಸರಿಪಡಿಸಬೇಕೆಂದರೆ ಆ ರಿಂಗ್ ಹರಿದು ಮತ್ತೊಂದು ತರಬೇಕು.

ಟ್ವೀಟರ್ (ಎತ್ತರದ ಸ್ವರದ ಪುಟ್ಟ ಘಟಕ) ಸತ್ತಿದೆ ಎಂದು ಯಾರಾದರೂ ಹೇಳಿದರೆ ಮೊದಲು ಹಿಂಬದಿಯ ಎರಡು ಲೆವೆಲ್ ಗುಂಡಿಗಳನ್ನು (ಸದ್ದು ಹೆಚ್ಚುಕಡಿಮೆ ಮಾಡುವಂಥವು) ಹತ್ತಾರು ಸಲ ತಿರುಗಿಸಿ ನೋಡಿ. ಅವು ಹಸಿರುಗಟ್ಟಿ ಸಂಪರ್ಕ ಕಡಿದುಕೊಳ್ಳುತ್ತವೆ. ಬಿಚ್ಚಿ, ನಯವಾದ ಮರಳುಕಾಗದದಿಂದ ತಿಕ್ಕಿದರೆ ಹೆಚ್ಚಿನವು ಎಚ್ಚರಗೊಳ್ಳುತ್ತವೆ. ಕ್ರಾಸ್‌ಓವರಿನಲ್ಲಿರುವ ಕೆಪಾಸಿಟರುಗಳು 6, 50, 150 ಮೈಕ್ರೋಫ್ಯಾರಡ್. ಮೀಟರಿನಲ್ಲಿ ಅಳೆದು, ಆ ಅಳತೆಯಿಂದ ತುಂಬ ಸರಿದಿದ್ದರೆ ಮಾತ್ರ ಬದಲಿಸಿ. 6ಕ್ಕೆ ಫಿಲ್ಮ್ ಕೆಪಾಸಿಟರ್, 150ಕ್ಕೆ ನಾನ್-ಪೋಲಾರ್ ಎಲೆಕ್ಟ್ರೋಲಿಟಿಕ್ ಸಾಕು. ಪ್ಲಸ್-ಮೈನಸ್ ಗುರುತಿರುವ ಸಾಮಾನ್ಯ ಎಲೆಕ್ಟ್ರೋಲಿಟಿಕ್ ಮಾತ್ರ ಹಾಕಲೇಬೇಡಿ.

ವೂಫರ್ ಕೂರಿಸುವಾಗ ಸುತ್ತಲೂ ಪುಟ್ಟಿ ಹಾಗೇ ಇರಲಿ, ಒಳಗಿನ ಫೈಬರ್‌ಗ್ಲಾಸ್ ಒಂದು ಎಳೆಯೂ ಕಡಿಮೆಯಾಗದಿರಲಿ. ಕೊನೆಗೆ ಕೋನನ್ನು ಎರಡೂ ಕೈಯಿಂದ ಸಮನಾಗಿ, ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ನಿಧಾನವಾಗಿ ಮೇಲೆದ್ದರೆ ಪೆಟ್ಟಿಗೆ ಬಿಗಿಯಾಗಿದೆ. ಫಟ್ಟನೆ ಎದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ವೂಫರ್ ಬಿಗಿದ ಸ್ಕ್ರೂಗಳ ಸುತ್ತ ಮೊದಲು ಹುಡುಕಿ.