ಶಿವಾಲಿಕ್‌ನ ಕಲ್ಲುಕೊಂಬು ಯಾರದು, ಎಲ್ಲಿಂದ ಬಂದದ್ದು?

ಚಂಡೀಗಡದ ನೆಂಟರ ಮನೆಯಲ್ಲಿರುವ, ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆಯ ಚಿತ್ರ ಹಾಕಿ ಎರಡು ಪ್ರಶ್ನೆ ಕೇಳಿದ್ದೀರಿ: ಇದು ಜಿಂಕೆಯ ಕೊಂಬೇ? ಹುಲ್ಲೆಗಳೆಲ್ಲ (ಆಂಟಿಲೋಪ್‌ಗಳು) ಆಫ್ರಿಕಾದಿಂದ ಬಂದವೇ?

ಜಿಂಕೆಯದಲ್ಲ. ಜಿಂಕೆಯ ಕೊಂಬು ಸಾಮಾನ್ಯವಾಗಿ ಕವಲೊಡೆಯುತ್ತದೆ, ಕಾಲಕಾಲಕ್ಕೆ ಉದುರುತ್ತದೆ, ಉದುರಿದ್ದರ ಬುಡದಲ್ಲಿ ಗಂಟುಗಂಟಾದ ಬಳೆ ಇರುತ್ತದೆ. ಹುಲ್ಲೆ, ಆಡು, ದನಗಳ ಕೊಂಬು ಬುರುಡೆಯಿಂದಲೇ ಹೊರಟ ಮೂಳೆಯ ತಿರುಳು. ಅದರ ಮೇಲೆ ನಮ್ಮ ಉಗುರಿನಂಥದೇ ವಸ್ತುವಿನ ಕವಚ. ಕವಚ ಕೊಳೆತುಹೋಗುತ್ತದೆ, ಕಲ್ಲಾಗಿ ಉಳಿಯುವುದು ತಿರುಳು. ನಿಮ್ಮ ಚಿತ್ರದಲ್ಲಿ ಕವಲಿಲ್ಲ, ಬುಡಕ್ಕೆ ಬುರುಡೆಯ ಚೂರು ಅಂಟಿಕೊಂಡಿದೆ. ಇನ್ನು ಮುರಿದ ಕಡೆ ನೋಡಿ. ಅಡ್ಡಸೀಳು ದುಂಡಗಿದ್ದು, ಕೊಂಬು ತಿರುಚಿಕೊಂಡು ಮೇಲೇರಿದ್ದರೆ ಕೃಷ್ಣಮೃಗದ ಬಳಗವನ್ನು ಮೊದಲು ನೆನೆಯಬೇಕು. ಪಕ್ಕಗಳು ಚಪ್ಪಟೆಯಾಗಿ ಮುಂಭಾಗದಲ್ಲಿ ಚೂಪು ಏಣಿದ್ದರೆ ನೀಲಗಾಯ್ ಬಳಗದ, ಈಗ ಅಳಿದುಹೋಗಿರುವ ಟ್ರಾಗೋಪೋರ್ಟಾಕ್ಸ್ ಇರಬಹುದು.

ನನ್ನ ಆಸೆ ಎರಡನೆಯದರ ಮೇಲೆ. ಟ್ರಾಗೋಪೋರ್ಟಾಕ್ಸ್‌ನ ಪಳೆಯುಳಿಕೆಗಳು ಅಥೆನ್ಸ್ ಬಳಿಯ ಪಿಕೆರ್ಮಿಯಲ್ಲಿವೆ, ನಮ್ಮ ಶಿವಾಲಿಕ್‌ನಲ್ಲಿವೆ. ಅದರ ಹತ್ತಿರದ ಸಂಬಂಧಿಯೊಂದು ಸುಮಾರು 50 ಲಕ್ಷ ವರ್ಷಗಳ ಹಿಂದೆ ದಕ್ಷಿಣ ಆಫ್ರಿಕಾದ ಲಾಂಗೆಬಾನ್‌ವೆಗ್‌ನಲ್ಲಿತ್ತು. ಮೂರು ಖಂಡಗಳಲ್ಲಿ ಹರಡಿದ್ದ ಆ ಬಳಗದಲ್ಲಿ ಇಂದು ಉಳಿದಿರುವುದು ನೀಲಗಾಯ್ ಮತ್ತು ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಎರಡೇ, ಅವುಗಳ ಸಹಜ ನೆಲೆಯೂ ಭಾರತ ಉಪಖಂಡ ಮಾತ್ರ. ಜಗಳೂರಿನ ರಂಗಯ್ಯನದುರ್ಗದ ಕುರುಚಲು ಕಾಡಿನಲ್ಲಿ ಕೊಂಡುಕುರಿ ಕಂಡವರು ಅದನ್ನು ಸಾಧಾರಣ ಕುರಿ ಎಂದು ಅಲಕ್ಷ್ಯ ಮಾಡಬಾರದು!

ಆಫ್ರಿಕಾದ ವಿಚಾರ ಹೆಚ್ಚಿನವರು ತಲೆಕೆಳಗಾಗಿ ತಿಳಿದಿದ್ದಾರೆ. ಹುಲ್ಲೆ, ಆಡು, ದನಗಳ ಗುಂಪಿನ ಅತ್ಯಂತ ಹಳೆಯ ಪಳೆಯುಳಿಕೆಗಳಲ್ಲಿ ಇಯೋಟ್ರಾಗಸ್ ಒಂದು. ಪಾಕಿಸ್ತಾನದ ಪೋಟ್ವಾರ್ ಪ್ರಸ್ಥಭೂಮಿಯಲ್ಲಿ ಅದು ಸುಮಾರು 1.8 ಕೋಟಿ ವರ್ಷ ಹಳೆಯದು. ಅರೇಬಿಯಾದ ಭೂಫಲಕ ಯುರೇಷ್ಯಾಕ್ಕೆ ಬಂದು ತಾಗಿದಾಗ ನೆಲದ ದಾರಿ ತೆರೆಯಿತು. ಆನೆಯ ಪೂರ್ವಿಕರು ಆ ದಾರಿಯಲ್ಲಿ ಆಫ್ರಿಕಾದಿಂದ ಹೊರಬಂದರು, ಹುಲ್ಲೆಗಳ ಪೂರ್ವಿಕರು ಒಳಹೊಕ್ಕರು ಎಂಬುದು ಇಂದಿನ ಸಾಮಾನ್ಯ ಅಭಿಪ್ರಾಯ. ಅಲ್ಲಿಗೆ ಹೋದ ಮೇಲೆ ಅವು ಹತ್ತಾರು ಬಗೆಯಾದವು. ಅಂದಹಾಗೆ, ಹುಲ್ಲೆ ಎಂಬುದು ಒಂದೇ ವಂಶವಲ್ಲ. ನೀಲಗಾಯ್ ಕೃಷ್ಣಮೃಗಕ್ಕಿಂತ ದನಕ್ಕೇ ಹತ್ತಿರ.

ಅಮೆರಿಕದ ದಾರಿ ಬೇರೆ. ಹಿಮಯುಗದಲ್ಲಿ ಸಮುದ್ರ ಸುಮಾರು 120 ಮೀಟರ್ ತಗ್ಗಿ, ಏಷ್ಯಾ ಮತ್ತು ಅಲಾಸ್ಕಾ ನಡುವಿನ ಬೇರಿಂಗ್ ಜಲಸಂಧಿ ಒಣ ನೆಲವಾಗಿತ್ತು. ಆದರೆ ಆ ಚಳಿಯ ಹುಲ್ಲುಗಾವಲನ್ನು ದಾಟಬಲ್ಲ ಹುಲ್ಲೆಗಳು ವಿರಳ. ಮಧ್ಯ ಏಷ್ಯಾದ ಹುಲ್ಲೆ ಸೈಗಾ ದಾಟಿ ಅಲಾಸ್ಕಾ ತಲುಪಿತು, ಆಮೇಲೆ ಅಲ್ಲಿ ಅಳಿಯಿತು. ಇಂದು ಅಮೆರಿಕದವರು ಹುಲ್ಲೆ ಎನ್ನುವ ಪ್ರಾಂಗ್‌ಹಾರ್ನ್ ಬೇರೆಯೇ ಕುಟುಂಬದ್ದು, ಕೊಂಬಿನ ಕವಚವನ್ನು ವರ್ಷವರ್ಷ ಕಳಚುತ್ತದೆ.

ಈಗ ಕೆಲಸದ ಮಾತು. ಕೊಂಬಿಗೆ ವಾರ್ನಿಷ್ ಬಳಿಯಬೇಡಿ, ಆಮ್ಲದಲ್ಲಿ ತೊಳೆಯಬೇಡಿ, ಅಂಟಿದ ಮಣ್ಣನ್ನು ಉಜ್ಜಿ ತೆಗೆಯಬೇಡಿ. ಯಾವ ಹಳ್ಳ, ಯಾವ ಪದರ ಎಂದು ನೆಂಟರಿಗೆ ನೆನಪಿರುವಷ್ಟನ್ನು ಬರೆದಿಡಿ. ಶಿವಾಲಿಕ್ ಪದರಗಳ ವಯಸ್ಸನ್ನು ಅವುಗಳಲ್ಲಿ ಉಳಿದಿರುವ ಕಾಂತತ್ವದಿಂದ ಲೆಕ್ಕ ಹಾಕುತ್ತಾರೆ. ಪದರ ಗೊತ್ತಿಲ್ಲದ ಕೊಂಬು ವಲಸೆಯ ಕಾಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಇನ್ನಷ್ಟು ಸಿಗಲಿ ಎಂದು ಅಗೆಯಲು ಹೋಗುವುದೂ ಬೇಡ. ಚಂಡೀಗಡದಲ್ಲೇ ಪಂಜಾಬ್ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗವಿದೆ, ತೋರಿಸಲಿ. ಅಷ್ಟರಲ್ಲಿ ಅಳತೆಪಟ್ಟಿ ಪಕ್ಕದಲ್ಲಿಟ್ಟು ಮುರಿದ ತುದಿಯ ಚಿತ್ರ, ಬುಡದ ಚಿತ್ರ, ಎರಡು ಪಕ್ಕಗಳ ಚಿತ್ರ ಇಲ್ಲಿ ಹಾಕಿ.