ದೊಡ್ಡವನಿಗೂ ಆರೇ ವರ್ಷ ಅಲ್ವಾ?

ಪ್ರಶ್ನೆ: ಮೇಡಂ, ನಮಗೆ ಇಬ್ಬರು ಗಂಡುಮಕ್ಕಳು. ದೊಡ್ಡವನಿಗೆ ಆರು ವರ್ಷ, ಚಿಕ್ಕವನಿಗೆ ಮೂರು. ಸಂಜೆ ನಾನು ಅಡುಗೆಮನೆಗೆ ಹೋದರೆ ಸಾಕು, ಕಿತ್ತಾಟ ಶುರು. ಚಿಕ್ಕವನು ಆಟದ ಸಾಮಾನು ಕಿತ್ತುಕೊಳ್ಳುತ್ತಾನೆ, ದೊಡ್ಡವನು ಹೊಡೆಯುತ್ತಾನೆ. ಸುಮ್ನಿರಲಿ ಅಂತ ಮೊಬೈಲ್ ಕೊಟ್ಟರೆ ಅದಕ್ಕೂ ಜಗಳ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಮೊದಲು 'ನೀನು ದೊಡ್ಡವನಲ್ವಾ, ಕೊಟ್ಟುಬಿಡು' ಅನ್ನುವುದನ್ನು ನಿಲ್ಲಿಸಿ. ಆರು ವರ್ಷ ಅಂದರೆ ಅವನೂ ಮಗುವೇ. ದಿನಾ ಬಿಟ್ಟುಕೊಡಬೇಕಾದದ್ದು ತಾನೇ ಅಂತಾದರೆ ಆ ಸಿಟ್ಟು ತಮ್ಮನ ಮೇಲೆ ತಿರುಗದೆ ಇನ್ನೆಲ್ಲಿಗೆ ಹೋಗಬೇಕು ಹೇಳಿ? ಅವನ ಇಷ್ಟದ ಕೆಲವು ಸಾಮಾನು ಅವನದೇ ಆಗಿರಲಿ, ತಮ್ಮನ ಕೈಗೆ ಎಟುಕದ ಕಡೆ ಇಡಿ. ಚಿಕ್ಕವನದ್ದೂ ಬರೀ ಹಠ ಅಲ್ಲ, ಮೂರು ವರ್ಷಕ್ಕೆ ಸರದಿ ಕಾಯುವುದು ನಿಜಕ್ಕೂ ಕಷ್ಟ.

ಸಂಜೆಯ ಜಗಳಕ್ಕೆ ಹಸಿವು, ಸುಸ್ತು ಜಾಸ್ತಿ ಕಾರಣ. ಬಂದ ತಕ್ಷಣ ಬಾಳೆಹಣ್ಣೋ ಅವಲಕ್ಕಿಯೋ ಕೊಡಿ. ಚಿಕ್ಕವನಿಗೆ ಮಧ್ಯಾಹ್ನದ್ದೂ ಸೇರಿ 10ರಿಂದ 13 ಗಂಟೆ, ದೊಡ್ಡವನಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಚಿಕ್ಕವನ ವಯಸ್ಸಿಗೆ ಮೊಬೈಲ್, ಟಿವಿ ಎಲ್ಲಾ ಸೇರಿ ದಿನಕ್ಕೆ 1 ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಅಡುಗೆ ಹೊತ್ತಿನಲ್ಲಿ ಇಬ್ಬರನ್ನೂ ಒಲೆಯಿಂದ ದೂರ, ನಿಮಗೆ ಕಾಣುವ ಹಾಗೆ ಕೂರಿಸಿ ಮೆಂತ್ಯ ಸೊಪ್ಪು ಬಿಡಿಸೋಕೆ ಕೊಡಿ. ಅರ್ಧ ನೆಲಕ್ಕೆ ಬೀಳುತ್ತದೆ, ಬೀಳಲಿ. ಹೊಡೆದಾಟ ಆದರೆ ತೀರ್ಪು ಕೊಡುವುದಕ್ಕಿಂತ ಮೊದಲು ಇಬ್ಬರನ್ನೂ ಬೇರೆ ಮಾಡಿ, ಪೆಟ್ಟು ತಿಂದವನನ್ನು ಎತ್ತಿಕೊಳ್ಳಿ, ಹೊಡೆದವನ ಮಾತು ಅವನು ತಣ್ಣಗಾದ ಮೇಲೆ ಕೇಳಿ. ಯಜಮಾನರು ಸಂಜೆ ಅಂಗಡಿಗೆ ಹೋಗುವಾಗ ಆಗಾಗ ದೊಡ್ಡವನೊಬ್ಬನನ್ನೇ ಕರೆದುಕೊಂಡು ಹೋಗಲಿ.