ಹೇಸರಗತ್ತೆ ಕಮ್ಮಿ ಆಗ್ತಿದೆಯಾ, ಜಾಸ್ತಿ ಆಗ್ತಿದೆಯಾ?

ಪ್ರಶ್ನೆ: ಕೇದಾರನಾಥಕ್ಕೆ ಹೋದಾಗ ಗೌರಿಕುಂಡದಿಂದ ಮೇಲಕ್ಕೆ ಹೇಸರಗತ್ತೆ ಮೇಲೆ ಕೂತು ಹೋದೆ. ಅಲ್ಲಿ ಎಲ್ಲಿ ನೋಡಿದರೂ ಅವೇ. ಊರಿಗೆ ಬಂದು ಓದಿದರೆ, ದೇಶದಲ್ಲಿ ಅವುಗಳ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿದಿದೆ ಅಂತ ಇತ್ತು. ಯಾವುದು ನಿಜ? ಬೇರೆ ಬಡ ದೇಶಗಳಲ್ಲೂ ಹೀಗೇನಾ?
– ಓದುಗರೊಬ್ಬರು, ಹಾಸನ

ಉತ್ತರ: ಎರಡೂ ನಿಜ. ಮೊದಲು ನಿಮಗೊಂದು ಶಹಬ್ಬಾಸ್. ಕೇದಾರದಿಂದ ಬಂದವರು ಸಾಮಾನ್ಯವಾಗಿ 'ಕುದುರೆ ಹತ್ತಿದ್ವಿ' ಅಂತಾರೆ, ಕಿವಿ ಅಷ್ಟುದ್ದ ಇದ್ದರೂ ಯಾರೂ ನೋಡಿರುವುದಿಲ್ಲ. ಗಂಡು ಕತ್ತೆಗೂ ಹೆಣ್ಣು ಕುದುರೆಗೂ ಹುಟ್ಟಿದ್ದು ಹೇಸರಗತ್ತೆ, ಅಲ್ಲಿನವರ ಬಾಯಲ್ಲಿ ಖಚ್ಚರ್. ನಮ್ಮ ಕಡೆ ಅಗಸರ ಮನೆಯ ಕತ್ತೆ ಗೊತ್ತು, ಮದುವೆ ಮೆರವಣಿಗೆಯ ಕುದುರೆ ಗೊತ್ತು, ಇದು ಮಾತ್ರ ಅಷ್ಟಾಗಿ ಪರಿಚಯ ಇಲ್ಲ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಜಾನುವಾರು ಗಣತಿಯಲ್ಲಿ 2007ರಲ್ಲಿ ಸಿಕ್ಕಿದ್ದು ಸುಮಾರು 1.37 ಲಕ್ಷ ಹೇಸರಗತ್ತೆ. 2012ರಲ್ಲಿ ಅದು 1.96 ಲಕ್ಷಕ್ಕೆ ಹಾರಿತು. 2019ಕ್ಕೆ ದಢಾರಂತ 84 ಸಾವಿರಕ್ಕೆ ಬಿತ್ತು. ಹಸು, ಎಮ್ಮೆ ಲೆಕ್ಕ ಹೀಗೆ ಕುಣಿಯುವುದನ್ನು ನೋಡಿದ್ದೀರಾ? ಎಣಿಸುವವರ ತಪ್ಪೂ ಸ್ವಲ್ಪ ಸೇರಿರಬಹುದು, ಆದರೆ ದೊಡ್ಡ ಕಾರಣ ಈ ಪ್ರಾಣಿಯ ಹುಟ್ಟಿನಲ್ಲೇ ಇದೆ.

ಹೇಸರಗತ್ತೆ ಹೇಸರಗತ್ತೆಯನ್ನು ಹುಟ್ಟಿಸಲ್ಲ. ಪ್ರತಿಯೊಂದನ್ನೂ ಯಾರೋ ಒಬ್ಬ ಮನುಷ್ಯ ಯೋಚನೆ ಮಾಡಿ ಹುಟ್ಟಿಸಬೇಕು: ಒಳ್ಳೆಯ ಹೆಣ್ಣು ಕುದುರೆಯನ್ನು ಕತ್ತೆಗೆ ಬಿಡಬೇಕು, ಹೆಚ್ಚುಕಮ್ಮಿ ಒಂದು ವರ್ಷ ಗಬ್ಬ ಕಾಯಬೇಕು, ಮರಿ ಬಲಿತು ಬೆನ್ನ ಮೇಲೆ ಹೊರೆ ಹೊರಲು ಇನ್ನೂ ಮೂರ್ನಾಲ್ಕು ವರ್ಷ ಕಾಯಬೇಕು, ಮತ್ತೆ ಆ ಸಲ ಕುದುರೆಗೆ ಕುದುರೆ ಮರಿ ಸಿಗಲಿಲ್ಲವಲ್ಲ ಅನ್ನುವ ನಷ್ಟವನ್ನೂ ನುಂಗಿಕೊಳ್ಳಬೇಕು. ಐದು ವರ್ಷ ಆದಮೇಲೂ ಇದಕ್ಕೆ ಕೆಲಸ ಇರುತ್ತೆ ಅನ್ನುವ ನಂಬಿಕೆ ಇದ್ದರೆ ಮಾತ್ರ ಯಾರಾದರೂ ಈ ಉಸಾಬರಿಗೆ ಹೋಗುತ್ತಾರೆ. ನಂಬಿಕೆ ಹೋಯಿತೋ, ಹೊಸ ಮರಿ ನಿಂತೇ ಹೋಯಿತು.

ಉತ್ತರ ಪ್ರದೇಶದ ಇಟ್ಟಿಗೆ ಭಟ್ಟಿಗಳಲ್ಲಿ ಹಸಿ ಇಟ್ಟಿಗೆ ಗಾಡಿ ಎಳೆಯುವುದು ಇವುಗಳ ದೊಡ್ಡ ಕೆಲಸ. ಅಲ್ಲಿಗೆ ಟ್ರಾಕ್ಟರ್ ಬಂದ ಹಾಗೆ ಬೇಡಿಕೆ ಇಳಿಯಿತು. ಜೊತೆಗೆ ಅಪ್ಪಂದಿರೂ ಇಲ್ಲ! 2012ರಲ್ಲಿ 3.2 ಲಕ್ಷ ಇದ್ದ ಕತ್ತೆಗಳು 2019ರಲ್ಲಿ 1.2 ಲಕ್ಷ.

ಜಗತ್ತಿನ ಲೆಕ್ಕ ಎಫ್‌ಎಒ, ಅಂದರೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಇಡುತ್ತದೆ. 1990ರ ದಶಕದಲ್ಲಿ ಒಂದೂವರೆ ಕೋಟಿಯ ಹತ್ತಿರ ಇದ್ದದ್ದು ಈಗ ಒಂದು ಕೋಟಿಗಿಂತ ಕಮ್ಮಿ. ಹಾಗಂತ ಬಡ ದೇಶಗಳಲ್ಲೆಲ್ಲ ಒಂದೇ ಸಮನೆ ಇಳಿದಿದೆ ಅಂದುಕೊಳ್ಳಬೇಡಿ. ಈ ಇಳಿತದ ಬಹುಪಾಲು ಚೀನಾದ್ದು. ಅಲ್ಲಿ 1978ರ ನಂತರ ಸಾಮೂಹಿಕ ಬೇಸಾಯ ಕೈಬಿಟ್ಟು ಮನೆಮನೆಗೆ ತುಂಡು ಜಮೀನು ಹಂಚಿದರು. ತುಂಡು ಜಮೀನಿಗೆ ಟ್ರಾಕ್ಟರ್ ಯಾರು ತರ್ತಾರೆ? ಪ್ರಾಣಿಗಳೇ ಬೇಕಾದವು, ಹೇಸರಗತ್ತೆ 50 ಲಕ್ಷ ದಾಟಿತು. ಆಮೇಲೆ ಸಣ್ಣ ಟ್ರಾಕ್ಟರು, ಮೂರು ಚಕ್ರದ ಗಾಡಿ ಅಗ್ಗವಾದವು, ಹುಡುಗರು ಫ್ಯಾಕ್ಟರಿಗೆ ಹೋದರು. ಈಗ 10 ಲಕ್ಷವೂ ಇಲ್ಲ.

ಮೆಕ್ಸಿಕೋ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದೆ, 30 ಲಕ್ಷಕ್ಕೂ ಜಾಸ್ತಿ. ಆದರೆ ಆ ಅಂಕಿ ವರ್ಷಗಟ್ಟಲೆ ಹೆಚ್ಚುಕಮ್ಮಿ ಅಲುಗಾಡದೆ ನಿಂತಿದೆ. ಎಣಿಸದ ವರ್ಷಗಳಿಗೆ ಅಂದಾಜು ಹಾಕುವುದು ಎಫ್‌ಎಒ ಪಟ್ಟಿಯಲ್ಲಿ ಮಾಮೂಲು, ಹಾಗಾಗಿ ಅದನ್ನು ನಾನು ಅಷ್ಟಾಗಿ ನಂಬಲ್ಲ. ಇಥಿಯೋಪಿಯಾದಲ್ಲಿ ಕತೆಯೇ ಬೇರೆ. ಎತ್ತರದ ಬೆಟ್ಟದ ನಾಡು, ಹೊರೆಗೆ ಕತ್ತೆ ಬೇಕಾದಷ್ಟಿವೆ, ಹೇಸರಗತ್ತೆ ಮೂರ್ನಾಲ್ಕು ಲಕ್ಷ ಅಷ್ಟೇ. ಹಿಂದೆ ಅಲ್ಲಿ ದೊಡ್ಡ ಮನುಷ್ಯರೂ ಪಾದ್ರಿಗಳೂ ಇದರ ಮೇಲೇ ಕೂತು ಓಡಾಡುತ್ತಿದ್ದರು. ಈಗಲೂ ಬೆಲೆ ಕತ್ತೆಗಿಂತ ಎಷ್ಟೋ ಪಟ್ಟು ಜಾಸ್ತಿ.

ಆಫ್ರಿಕಾದಲ್ಲಿ ಇನ್ನೊಂದು ಕಾಟ ಇದೆ, ಕತ್ತೆಗಳಿಗೆ; ಕತ್ತೆ ಕಮ್ಮಿಯಾದರೆ ಹೇಸರಗತ್ತೆಗೆ ಅಪ್ಪಂದಿರೂ ಕಮ್ಮಿ. ಕತ್ತೆ ಚರ್ಮ ಕುದಿಸಿ ತೆಗೆಯುವ ಅಂಟಿನಿಂದ ಚೀನಾದಲ್ಲಿ ಎಜಿಯಾವೊ ಅನ್ನುವ ಔಷಧ ಮಾಡುತ್ತಾರೆ. ಚೀನಾದ ಕತ್ತೆ ಸಾಲದೆ ವ್ಯಾಪಾರಿಗಳು ಆಫ್ರಿಕಾಕ್ಕೆ ಬಂದರು. 2024ರ ಫೆಬ್ರವರಿಯಲ್ಲಿ ಆಫ್ರಿಕನ್ ಒಕ್ಕೂಟ, ಚರ್ಮಕ್ಕಾಗಿ ಕತ್ತೆ ಕಡಿಯುವುದನ್ನು ಇಡೀ ಖಂಡದಲ್ಲಿ ನಿಲ್ಲಿಸಲು ಒಪ್ಪಿತು.

ರಸ್ತೆ ಬಂದರೆ ಹೇಸರಗತ್ತೆ ಹೋಗುತ್ತೆ ಅನ್ನುವುದೂ ಪೂರ್ತಿ ಸರಿಯಲ್ಲ. ಬೆಟ್ಟದಲ್ಲಿ ರಸ್ತೆ ಅರ್ಧಕ್ಕೆ ಬಂದು ನಿಂತರೆ ಸಿಮೆಂಟು, ಕಬ್ಬಿಣ, ಮರಳು ಎಲ್ಲ ಅಲ್ಲಿಗೆ ಬಂದು ಬೀಳುತ್ತೆ, ಅಲ್ಲಿಂದ ಮೇಲಿನ ಮನೆಗಳಿಗೆ ಸಾಗಿಸೋದು ಯಾರು? ಇದೇ. ನೇಪಾಳದಲ್ಲಿ ಎವರೆಸ್ಟ್ ಕಡೆ ಹೋಗುವ ಲುಕ್ಲಾ–ನಾಮ್ಚೆ ಹಾದಿ ನೋಡಿ. ಕೊರಳಲ್ಲಿ ಗಂಟೆ, ಎರಡು ಪಕ್ಕಕ್ಕೂ ಗ್ಯಾಸ್ ಸಿಲಿಂಡರ್, ತೂಗುಸೇತುವೆ ಮೇಲೆ ಸಾಲಾಗಿ ಬಂದರೆ ಚಾರಣಿಗರು ಸುಮ್ನೆ ಪಕ್ಕಕ್ಕೆ ನಿಂತು ದಾರಿ ಬಿಡಬೇಕು. ಮೊರಾಕ್ಕೋದಲ್ಲಿ 2023ರ ಸೆಪ್ಟೆಂಬರ್ ಭೂಕಂಪಕ್ಕೆ ಅಟ್ಲಾಸ್ ಬೆಟ್ಟದ ರಸ್ತೆಗಳು ಮುಚ್ಚಿಹೋದಾಗ ಮೇಲಿನ ಹಳ್ಳಿಗಳಿಗೆ ಹಿಟ್ಟು, ಕಂಬಳಿ ಮುಟ್ಟಿಸಿದ್ದೂ ಕತ್ತೆ, ಹೇಸರಗತ್ತೆಗಳೇ.

ನೀವು ಕಂಡ ಗೌರಿಕುಂಡ ಅಂಥದೇ ಜಾಗ, ರಸ್ತೆ ಮುಗಿಯುವ ಕಡೆ. ದೇಶದಲ್ಲಿ ಉಳಿದವು ಕೆಲಸ ಇರುವಲ್ಲಿ ಬಂದು ಗುಂಪಾಗುತ್ತವೆ, ಅದಕ್ಕೇ ನಿಮಗೆ ಜಾಸ್ತಿ ಕಂಡಿದ್ದು. ಸುಖವಾಗಿ ಇರುತ್ತವೆ ಅಂತಲ್ಲ, 2022ರ ಯಾತ್ರೆಯಲ್ಲಿ ಆ ಹಾದಿಯಲ್ಲಿ ನೂರಕ್ಕೂ ಹೆಚ್ಚು ಸತ್ತವು. ಈಗ ಸೋನ್‌ಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರ್ ರೋಪ್‌ವೇಗೆ ಕೇಂದ್ರ ಸಂಪುಟ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅಲ್ಲಿನ ಮಾಲೀಕರು ಈ ವರ್ಷ ಕುದುರೆಯನ್ನು ಕತ್ತೆಗೆ ಬಿಡುತ್ತಾರಾ ಅನ್ನುವುದರ ಮೇಲೆ ಮುಂದಿನ ಲೆಕ್ಕ ನಿಂತಿದೆ.

ಪ್ರಶ್ನೆ: ಹೇಸರಗತ್ತೆ ಮರಿ ಹಾಕುವುದೇ ಇಲ್ವಾ?
– ಇನ್ನೊಬ್ಬ ಓದುಗರು, ಶಿರಸಿ

ಉತ್ತರ: ಹಾಕಲ್ಲ ಅಂತಲೇ ಹೇಳಬೇಕು. ಕುದುರೆಗೆ 64 ಕ್ರೋಮೋಸೋಮು, ಕತ್ತೆಗೆ 62, ಇದಕ್ಕೆ 63. ಬೆಸ ಸಂಖ್ಯೆ, ಜೋಡಿ ಕೂಡಲ್ಲ. ಆದರೂ 2002ರಲ್ಲಿ ಮೊರಾಕ್ಕೋದಲ್ಲಿ ಒಂದು ಹೆಣ್ಣು ಹೇಸರಗತ್ತೆ ಮರಿ ಹಾಕಿ ಸುದ್ದಿಯಾಗಿತ್ತು.